ಹೆಜ್ಜೆಗೆ ಹೊಂದುವ ಪೆಟ್ಟು: ಓಟಗಾರರ ಹಾಡಿನ ಆಯ್ಕೆ ಕುರಿತು ಒಂದು ಸಮೀಕ್ಷೆ

ಓಡುವಾಗ ಎಂಥ ಹಾಡು ಕೇಳಬೇಕು ಎಂಬ ಪ್ರಶ್ನೆಯನ್ನು ಅವರವರ ಅಭಿರುಚಿಗೆ ಬಿಟ್ಟುಬಿಡುವುದು ವಾಡಿಕೆಯಾಗಿದ್ದು, ಹುರುಪು ತರುವ ಹಾಡು ಯಾವುದಾದರೇನು, ಜೋರಾಗಿ ಕೇಳಿಸಿದರೆ ಸಾಕು ಎಂಬ ನಂಬಿಕೆ ಬಹುತೇಕ ಓಟಗಾರರಲ್ಲಿ ಬೇರೂರಿದೆ. ಆದರೆ ಇಪ್ಪತ್ತನೆಯ ಶತಮಾನದ ಆರಂಭದಿಂದಲೂ ಈ ವಿಷಯವನ್ನು ಅಳೆದು ನೋಡುವ ಪ್ರಯತ್ನಗಳು ನಡೆಯುತ್ತ ಬಂದಿದ್ದು, ಅವುಗಳ ಫಲವಾಗಿ ಇಂದು ಒಂದು ಮಟ್ಟಿಗಾದರೂ ಖಚಿತವಾಗಿ ಹೇಳಬಹುದಾದ ಸಂಗತಿಗಳಿವೆ: ಹಾಡಿನ ಯಾವ ಅಂಶ ಕಾಲಿಗೆ ನೆರವಾಗುತ್ತದೆ, ಯಾವುದು ಮನಸ್ಸಿಗೆ ಮಾತ್ರ ಹಿತವೆನಿಸುತ್ತದೆ, ಯಾವ ಹಂತದಲ್ಲಿ ಹಾಡು ಕೈಬಿಡುತ್ತದೆ ಎಂಬುದನ್ನು ಬಿಡಿಸಿ ನೋಡಲು ಸಾಧ್ಯವಾಗಿದೆ. ಈ ತಿಳಿವಳಿಕೆಯನ್ನು ಕೋಲಾರ ತಾಲ್ಲೂಕಿನ ಹೋಬಳಿ ಕೇಂದ್ರವಾದ ಹೋಳೂರು ಮತ್ತು ಅದರ ಸುತ್ತಲಿನ ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಸೀಮೆಯ ಓಟಗಾರರ ಸನ್ನಿವೇಶದಲ್ಲಿಟ್ಟು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ತಮಟೆಯ ಪೆಟ್ಟು ಮಕ್ಕಳ ಕಿವಿಗೆ ಮಾತಿಗಿಂತ ಮೊದಲು ಬೀಳುವ ಈ ಸೀಮೆಯಲ್ಲಿ, ಲಯ ಮತ್ತು ಹೆಜ್ಜೆಯ ಸಂಬಂಧವನ್ನು ಹೊರಗಿನವರಿಂದ ಕಲಿಯಬೇಕಾದದ್ದು ಕಡಿಮೆ, ತಮ್ಮಲ್ಲೇ ಇರುವುದನ್ನು ಗುರುತಿಸಿಕೊಳ್ಳಬೇಕಾದದ್ದು ಹೆಚ್ಚು.

ಈ ಭಾಗದಲ್ಲಿ ನಸುಕಿಗೆ ಎದ್ದು ಓಡುವವರು ಯಾರು ಎಂಬುದನ್ನು ಮೊದಲು ಸ್ಪಷ್ಟಪಡಿಸಿಕೊಳ್ಳಬೇಕು, ಏಕೆಂದರೆ ಹಾಡಿನ ಆಯ್ಕೆ ಓಟದ ಉದ್ದೇಶವನ್ನು ಅವಲಂಬಿಸಿರುತ್ತದೆ. ಬೆಂಗಳೂರಿನಲ್ಲಿ 2008ರಿಂದ ನಡೆಯುತ್ತಿರುವ 10 ಕಿಲೋಮೀಟರ್‌ಗಳ ಅಂತರರಾಷ್ಟ್ರೀಯ ಓಟದಂಥ ಸ್ಪರ್ಧೆಗಳಿಂದಾಗಿ ಆರೋಗ್ಯಕ್ಕಾಗಿ, ಸಂತೋಷಕ್ಕಾಗಿ ಓಡುವ ನಗರವಾಸಿಗಳ ಒಂದು ವರ್ಗ ಬೆಳೆದಿದೆ. ಹಳ್ಳಿಗಾಡಿನಲ್ಲಿ ಓಡುವವರು ಹೆಚ್ಚಾಗಿ ಪೊಲೀಸ್, ಅರೆಸೇನಾ ಪಡೆ ಮತ್ತು ಸೇನೆಯ ನೇಮಕಾತಿಗೆ ಸಿದ್ಧತೆ ನಡೆಸುತ್ತಿರುವ ಯುವಕ ಯುವತಿಯರು. ಅವರ ಮಾತಿನಲ್ಲಿ ದೇಹದಾರ್ಢ್ಯ ಪರೀಕ್ಷೆಗೆ ‘ಫಿಸಿಕಲ್’ ಎಂದೇ ಹೆಸರು. ಕರ್ನಾಟಕದ ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಯಲ್ಲಿ ಪುರುಷರು 1,600 ಮೀಟರ್ ದೂರವನ್ನು 6 ನಿಮಿಷ 30 ಸೆಕೆಂಡುಗಳಲ್ಲಿ, ಮಹಿಳೆಯರು 400 ಮೀಟರ್ ದೂರವನ್ನು 2 ನಿಮಿಷಗಳಲ್ಲಿ ಓಡಿ ಮುಗಿಸಬೇಕು. ಕೇಂದ್ರದ ಅರೆಸೇನಾ ಪಡೆಗಳ ಕಾನ್‌ಸ್ಟೆಬಲ್ ಹುದ್ದೆಗಳಿಗೆ ಪುರುಷರು 5 ಕಿಲೋಮೀಟರ್‌ಗಳನ್ನು 24 ನಿಮಿಷಗಳಲ್ಲಿ ಮುಗಿಸಬೇಕು. ನಗರದ ಓಟಗಾರನಿಗೆ ಹಾಡು ಬೇಸರ ನೀಗುವ ಸಂಗಾತಿಯಾದರೆ, ನೀಲಗಿರಿ ತೋಪಿನ ಪಕ್ಕದ ಮಣ್ಣುದಾರಿಯಲ್ಲೋ ಹೈಸ್ಕೂಲಿನ ಗ್ರೌಂಡಿನಲ್ಲೋ ದಿನಕ್ಕೆ ನಾಲ್ಕು ರೌಂಡು ಹೊಡೆಯುವ ಈ ಅಭ್ಯರ್ಥಿಗೆ ಹಾಡು ಒಂದು ಉಪಕರಣ. ಅದು ಉಪಯೋಗಕ್ಕೆ ಬರಬೇಕು, ಕೊನೆಗೆ ಅದಿಲ್ಲದೆಯೂ ಕಾಲು ನಡೆಯಬೇಕು.

ದೇಹದ ದುಡಿಮೆಗೆ ಹಾಡನ್ನು ಜೊತೆಮಾಡುವ ಪದ್ಧತಿ ಇಯರ್‌ಫೋನಿಗಿಂತ ಎಷ್ಟೋ ಹಳೆಯದು. ರಾಗಿ ಬೀಸುವಾಗ, ಕುಟ್ಟುವಾಗ, ನಾಟಿ ಹಾಕುವಾಗ, ಎತ್ತುಗಳನ್ನು ಹಿಂದಕ್ಕೂ ಮುಂದಕ್ಕೂ ನಡೆಸಿ ಬಾವಿಯಿಂದ ನೀರೆತ್ತುವ ಕಪಿಲೆ ಹೊಡೆಯುವಾಗ ಹಾಡುತ್ತಿದ್ದ ಪದಗಳಲ್ಲಿ ಲಯವನ್ನು ನಿರ್ಧರಿಸುತ್ತಿದ್ದದ್ದು ಕೆಲಸವೇ ಹೊರತು ಹಾಡುಗಾರನ ಇಷ್ಟವಲ್ಲ. ಬೀಸುವ ಕಲ್ಲು ಒಂದು ಸುತ್ತು ಬರುವಷ್ಟರಲ್ಲಿ ಪದದ ಸಾಲು ಒಂದು ಆವರ್ತ ಮುಗಿಯಬೇಕಿತ್ತು. ಕೋಲಾರ, ಮಾಲೂರು ಮುಂತಾದ ಕಡೆಗಳಲ್ಲಿ ನಡೆಯುವ ದ್ರೌಪದಿ ಕರಗದಲ್ಲಿ ಕರಗ ಹೊತ್ತವರು ರಾತ್ರಿಯಿಡೀ ಬೀದಿಬೀದಿ ಸುತ್ತುವುದು, ತಲೆಯ ಮೇಲಿನ ಭಾರವನ್ನು ಕೈಯಲ್ಲಿ ಮುಟ್ಟದೆ ಸಮತೋಲ ಕಾಯ್ದುಕೊಂಡು ಚುರುಕಾಗಿ ಹೆಜ್ಜೆ ಹಾಕುವುದು, ಬೆನ್ನಿಗೆ ನಿಂತ ಓಲಗ ಮತ್ತು ಡೋಲಿನ ಪೆಟ್ಟಿನ ಆಸರೆಯಲ್ಲಿಯೇ. ಸೈನ್ಯದ ಕವಾಯತು ಇದೇ ತತ್ವದ ಇನ್ನೊಂದು ರೂಪವಾಗಿದ್ದು, ಬ್ಯಾಂಡಿನೊಂದಿಗೆ ನಡೆಯುವ ತ್ವರಿತ ನಡಿಗೆಯ ಗತಿ ನಿಮಿಷಕ್ಕೆ ಸುಮಾರು 120 ಹೆಜ್ಜೆಗಳ ಆಸುಪಾಸಿನಲ್ಲಿರುತ್ತದೆ. ಈ ಎಲ್ಲ ಉದಾಹರಣೆಗಳಲ್ಲಿ ಹಾಡು ದೇಹವನ್ನು ಕೆರಳಿಸುವುದಕ್ಕಿಂತ ಹೆಚ್ಚಾಗಿ ದೇಹದ ಚಲನೆಯನ್ನು ಒಂದು ಅಳತೆಗೆ ಕಟ್ಟಿ ನಿಲ್ಲಿಸುತ್ತದೆ ಎಂಬುದನ್ನು ಗಮನಿಸಬೇಕು.

ಅಳತೆಯ ಮೂಲಕ ಈ ಸಂಬಂಧವನ್ನು ಪರೀಕ್ಷಿಸಿದ ಮೊದಲ ಪ್ರಯತ್ನಗಳಲ್ಲಿ ಅಮೆರಿಕದ ಲಿಯೊನಾರ್ಡ್ ಏರ್ಸ್ 1911ರಲ್ಲಿ ಪ್ರಕಟಿಸಿದ ಬರಹ ಪ್ರಸಿದ್ಧವಾದುದು. ನ್ಯೂಯಾರ್ಕ್‌ನ ಆರು ದಿನಗಳ ಸೈಕಲ್ ಪಂದ್ಯದಲ್ಲಿ ಬ್ಯಾಂಡ್ ನುಡಿಯುತ್ತಿದ್ದಾಗ ಸವಾರರ ಸರಾಸರಿ ವೇಗ ಗಂಟೆಗೆ 19.6 ಮೈಲಿಗಳಿದ್ದರೆ, ಬ್ಯಾಂಡ್ ಸುಮ್ಮನಿದ್ದಾಗ 17.9 ಮೈಲಿಗಳಿಗೆ ಇಳಿಯುತ್ತಿತ್ತು ಎಂದು ಅವರು ದಾಖಲಿಸಿದರು. 1979ರಲ್ಲಿ ವಾಕ್‌ಮನ್ ಮಾರುಕಟ್ಟೆಗೆ ಬಂದ ಮೇಲೆ ಬ್ಯಾಂಡ್ ಓಟಗಾರನ ಸೊಂಟಕ್ಕೇ ಇಳಿಯಿತು. 1998ರ ಫೆಬ್ರವರಿಯಲ್ಲಿ ಇಥಿಯೋಪಿಯಾದ ಹೈಲೆ ಗೆಬ್ರೆಸೆಲಾಸಿ ಬರ್ಮಿಂಗ್‌ಹ್ಯಾಮ್‌ನ ಒಳಾಂಗಣದಲ್ಲಿ 2,000 ಮೀಟರ್ ಓಟದ ವಿಶ್ವದಾಖಲೆ ಸ್ಥಾಪಿಸಿದಾಗ ಧ್ವನಿವರ್ಧಕದಲ್ಲಿ ‘ಸ್ಕ್ಯಾಟ್‌ಮನ್’ ಎಂಬ ಪಾಪ್ ಹಾಡು ಮೊಳಗುತ್ತಿತ್ತು. ಆ ಹಾಡಿನ ಗತಿ ತಮ್ಮ ಹೆಜ್ಜೆಗೆ ಹೊಂದುತ್ತದೆ ಎಂಬ ಕಾರಣಕ್ಕೇ ಅವರು ಅದನ್ನು ಬಯಸಿದ್ದರು. ಸಾಧನೆಯ ಶ್ರೇಯಸ್ಸು ಹಾಡಿಗೆ ಸಲ್ಲಬೇಕಾದುದಲ್ಲವಾದರೂ, ಜಗತ್ತಿನ ಶ್ರೇಷ್ಠ ಓಟಗಾರರೊಬ್ಬರು ಹಾಡನ್ನು ಆರಿಸಿಕೊಂಡ ಮಾನದಂಡ ಮಹತ್ವದ್ದು.

ಆಧುನಿಕ ಸಂಶೋಧನೆಯಲ್ಲಿ ಲಂಡನ್ನಿನ ಬ್ರೂನೆಲ್ ವಿಶ್ವವಿದ್ಯಾಲಯದ ಕ್ರೀಡಾ ಮನೋವಿಜ್ಞಾನಿ ಕೋಸ್ಟಾಸ್ ಕಾರಜಾರ್ಜಿಸ್ ಮತ್ತು ಅವರ ಸಹವರ್ತಿಗಳ ಕೆಲಸ ಎದ್ದು ಕಾಣುತ್ತದೆ. ಅವರು ವ್ಯಾಯಾಮದ ಸಂಗೀತವನ್ನು ಎರಡಾಗಿ ವಿಂಗಡಿಸುತ್ತಾರೆ. ಹೆಜ್ಜೆಯನ್ನು ಹಾಡಿನ ಪೆಟ್ಟಿಗೆ ಸರಿಯಾಗಿ ಬೀಳುವಂತೆ ಉದ್ದೇಶಪೂರ್ವಕವಾಗಿ ಹೊಂದಿಸಿಕೊಂಡು ಓಡಿದರೆ ಅದು ಸಮಲಯದ ಬಳಕೆ. ಹಾಡು ತನ್ನ ಪಾಡಿಗೆ ಹಿನ್ನೆಲೆಯಲ್ಲಿ ನುಡಿಯುತ್ತಿದ್ದು ಕಾಲು ತನ್ನ ಗತಿಯಲ್ಲಿ ಸಾಗಿದರೆ ಅದು ಹಿನ್ನೆಲೆಯ ಬಳಕೆ. ಹಾಡೊಂದು ಪ್ರೇರಕವೆನಿಸಲು ನಾಲ್ಕು ಅಂಶಗಳು ಕಾರಣವೆಂದು ಅವರ ಚೌಕಟ್ಟು ಹೇಳುತ್ತದೆ: ಲಯಕ್ಕೆ ದೇಹ ಸ್ಪಂದಿಸುವ ಗುಣ, ರಾಗ ಮತ್ತು ಸ್ವರಮೇಳದ ಸೊಗಸು, ಕೇಳುಗನ ಸಮಾಜದಲ್ಲಿ ಆ ಹಾಡಿಗಿರುವ ಸ್ಥಾನ, ಮತ್ತು ಹಾಡಿಗೆ ಅಂಟಿಕೊಂಡ ನೆನಪುಗಳು. ಮೊದಲ ಎರಡು ಹಾಡಿನೊಳಗಿನವು, ಉಳಿದೆರಡು ಕೇಳುಗನ ಬದುಕಿಗೆ ಸೇರಿದವು. ಆದ್ದರಿಂದಲೇ ಬೇರೆ ದೇಶದಲ್ಲಿ ಸಿದ್ಧವಾದ ‘ಓಟದ ಹಾಡುಗಳ’ ಪಟ್ಟಿ ಹೋಳೂರಿನ ಹುಡುಗನಿಗೆ ಅರ್ಧದಷ್ಟು ಮಾತ್ರ ಕೆಲಸ ಮಾಡುತ್ತದೆ; ಅದರ ಗತಿ ಕಾಲಿಗೆ ತಾಗಬಹುದು, ಅದರಲ್ಲಿ ಅವನ ಊರಿನ ಜಾತ್ರೆ ಇರುವುದಿಲ್ಲ.

ಈ ಕ್ಷೇತ್ರದ ಅತ್ಯಂತ ವ್ಯಾಪಕ ಪರಿಶೀಲನೆ 2020ರಲ್ಲಿ ಪೀಟರ್ ಟೆರಿ, ಕಾರಜಾರ್ಜಿಸ್ ಮತ್ತಿತರರು 139 ಅಧ್ಯಯನಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ ಪ್ರಕಟಿಸಿದ ವಿಶ್ಲೇಷಣೆ. ಅದರಂತೆ ಸಂಗೀತದ ಅತಿ ದೊಡ್ಡ ಪ್ರಯೋಜನ ವ್ಯಾಯಾಮ ಹಿತವೆನಿಸುವುದರಲ್ಲಿದೆ. ಸಾಧನೆಯ ಮಟ್ಟ ಏರುವುದು ಅದಕ್ಕಿಂತ ಕಡಿಮೆ, ಆಯಾಸದ ಅನುಭವ ತಗ್ಗುವುದು ಇನ್ನೂ ಕಡಿಮೆ, ಆಮ್ಲಜನಕದ ಬಳಕೆಯಲ್ಲಿ ಆಗುವ ಉಳಿತಾಯ ಸಣ್ಣದು, ಹೃದಯಬಡಿತದ ಮೇಲೆ ಗಣನೀಯ ಪರಿಣಾಮವೇ ಇಲ್ಲ. ಹಾಡು ಹಾಕಿಕೊಂಡರೆ ಎದೆಬಡಿತ ಹತೋಟಿಗೆ ಬರುತ್ತದೆ ಎಂಬ ಪ್ರಚಲಿತ ಮಾತಿಗೆ ಈ ವಿಶ್ಲೇಷಣೆಯಲ್ಲಿ ಆಧಾರ ಸಿಗುವುದಿಲ್ಲ.

ಹಾಡಿನ ಆಯ್ಕೆಯ ದೃಷ್ಟಿಯಿಂದ ಇದಕ್ಕಿಂತಲೂ ಮುಖ್ಯವಾದದ್ದು ಅದೇ ತಂಡ 2012ರಲ್ಲಿ ಪ್ರಕಟಿಸಿದ ಒಂದು ಸಣ್ಣ ಪ್ರಯೋಗ. ಉನ್ನತ ಮಟ್ಟದ 11 ಮಂದಿ ಟ್ರಯಥ್ಲಾನ್ ಕ್ರೀಡಾಪಟುಗಳು, ಅಂದರೆ ಈಜು, ಸೈಕಲ್, ಓಟ ಮೂರನ್ನೂ ಒಂದೇ ಸ್ಪರ್ಧೆಯಲ್ಲಿ ಪೂರೈಸುವವರು, ಟ್ರೆಡ್‌ಮಿಲ್ ಮೇಲೆ ಹಾಡಿನ ಪೆಟ್ಟಿಗೆ ಹೆಜ್ಜೆ ಹೊಂದಿಸಿಕೊಂಡು ಸುಸ್ತಾಗಿ ನಿಲ್ಲುವವರೆಗೆ ಓಡಿದರು. ಹಾಡಿಲ್ಲದೆ ಓಡಿದ್ದಕ್ಕಿಂತ, ತಮಗೆ ಹುರುಪು ತರುವ ಹಾಡಿನೊಂದಿಗೆ ಅವರು 18.1 ಶೇಕಡದಷ್ಟು ಹೆಚ್ಚು ಹೊತ್ತು ಓಡಿದರೆ, ಹುರುಪೂ ಬೇಸರವೂ ತರದ ಸಾಧಾರಣ ಹಾಡಿನೊಂದಿಗೆ 19.7 ಶೇಕಡದಷ್ಟು ಹೆಚ್ಚು ಹೊತ್ತು ಓಡಿದರು. ಮರುವರ್ಷ ನೆದರ್ಲೆಂಡ್ಸ್‌ನ ಸಂಶೋಧಕರು ನಡೆಸಿದ ಪ್ರಯೋಗದಲ್ಲಿ ಬರೀ ಟಕ್ ಟಕ್ ಎನ್ನುವ ಮೆಟ್ರೊನೋಮ್ ಕೂಡ, ಅಂದರೆ ಸಂಗೀತ ವಿದ್ಯಾರ್ಥಿಗಳು ತಾಳ ಕಾಯಲು ಬಳಸುವ ಯಂತ್ರ ಕೂಡ, ಹೆಜ್ಜೆಗೆ ಹೊಂದಿದ ಗತಿಯಲ್ಲಿದ್ದರೆ ಓಟದ ಅವಧಿಯನ್ನು ಹೆಚ್ಚಿಸಬಲ್ಲದು ಎಂದು ಕಂಡುಬಂದಿತು. ಹನ್ನೊಂದು ಮಂದಿಯ ಮೇಲಿನ ಪ್ರಯೋಗದಿಂದ ದೊಡ್ಡ ತೀರ್ಮಾನಕ್ಕೆ ಹಾರುವುದು ಸಲ್ಲದಾದರೂ, ಎರಡೂ ಪ್ರಯೋಗಗಳು ಒಂದೇ ದಿಕ್ಕಿಗೆ ಬೆರಳು ತೋರುತ್ತವೆ: ಕಾಲಿಗೆ ನೆರವಾಗುವುದು ಮೊದಲು ಪೆಟ್ಟು, ಆಮೇಲೆ ಹಾಡು. ಕಿವಿ ಮೆಚ್ಚುವ ಹಾಡನ್ನು ಆರಿಸುವುದಕ್ಕೆ ಮುಂಚೆ ಕಾಲು ಒಪ್ಪುವ ಗತಿಯನ್ನು ಕಂಡುಕೊಳ್ಳಬೇಕು ಎಂಬುದು ಈ ಸಮೀಕ್ಷೆ ಪ್ರತಿಪಾದಿಸುವ ಮುಖ್ಯ ವಿಚಾರ.

ಕಾಲು ಒಪ್ಪುವ ಗತಿಯನ್ನು ಕಂಡುಕೊಳ್ಳುವುದು ಕಷ್ಟವಲ್ಲ. ಹಾಡಿಲ್ಲದೆ ತನ್ನ ಮಾಮೂಲು ವೇಗದಲ್ಲಿ ಓಡುತ್ತ, ಹದಿನೈದು ಸೆಕೆಂಡುಗಳಲ್ಲಿ ಎರಡೂ ಪಾದಗಳು ನೆಲಕ್ಕೆ ಎಷ್ಟು ಬಾರಿ ತಾಗಿದವು ಎಂದು ಎಣಿಸಿ ನಾಲ್ಕರಿಂದ ಗುಣಿಸಿದರೆ ನಿಮಿಷದ ಹೆಜ್ಜೆಗಳ ಸಂಖ್ಯೆ ಸಿಗುತ್ತದೆ. ಅಭ್ಯಾಸವಿರುವವರಲ್ಲಿ ಅದು ಸಾಮಾನ್ಯವಾಗಿ 160ರಿಂದ 180ರ ನಡುವೆ ಇರುತ್ತದೆ. ಇದೇ ರೀತಿ ಹಾಡಿಗೆ ತೊಡೆಯ ಮೇಲೆ ತಾಳ ಹಾಕಿ ಹದಿನೈದು ಸೆಕೆಂಡುಗಳ ಪೆಟ್ಟುಗಳನ್ನೆಣಿಸಿ ನಾಲ್ಕರಿಂದ ಗುಣಿಸಿದರೆ ಹಾಡಿನ ಗತಿ ತಿಳಿಯುತ್ತದೆ. ಇವೆರಡೂ ಸಮವಾಗಿದ್ದರೆ ಹೆಜ್ಜೆಗೊಂದು ಪೆಟ್ಟು. ಹಾಡಿನ ಗತಿ ಹೆಜ್ಜೆಯ ಅರ್ಧದಷ್ಟಿದ್ದರೆ, ಉದಾಹರಣೆಗೆ ಹೆಜ್ಜೆ 170 ಮತ್ತು ಹಾಡು 85 ಇದ್ದರೆ, ಪ್ರತಿ ಪೆಟ್ಟಿಗೂ ಒಂದೇ ಕಾಲು ಬೀಳುತ್ತದೆ, ಅದೂ ಒಳ್ಳೆಯ ಹೊಂದಾಣಿಕೆಯೇ. ತೊಡಕು ಬರುವುದು 120 ಮತ್ತು 140ರ ನಡುವಿನ ಹಾಡುಗಳಲ್ಲಿ. ಹಿನ್ನೆಲೆಯ ಬಳಕೆಗೆ ಸಂಶೋಧಕರು ಸಾಮಾನ್ಯವಾಗಿ ಸೂಚಿಸುವುದು ಈ ವ್ಯಾಪ್ತಿಯನ್ನೇ ಆದರೂ, ಹೆಜ್ಜೆಗೆ ಹೊಂದಿಸಲು ಹೊರಟವನಿಗೆ ಇಂಥ ಹಾಡು ಕಾಲನ್ನು ಹಿಂದಕ್ಕೆಳೆಯುತ್ತದೆ. ನಡಿಗೆಗೆ ಅದು ಚುರುಕು, ಓಟಕ್ಕೆ ನಿಧಾನ.

ಪೊಲೀಸ್ ನೇಮಕಾತಿಯ ಲೆಕ್ಕವನ್ನೇ ತೆಗೆದುಕೊಂಡರೆ ವಿಷಯ ಇನ್ನಷ್ಟು ಸ್ಪಷ್ಟವಾಗುತ್ತದೆ. ಆರೂವರೆ ನಿಮಿಷದಲ್ಲಿ ನಿಮಿಷಕ್ಕೆ 180ರಂತೆ ಒಟ್ಟು 1,170 ಹೆಜ್ಜೆಗಳಾಗುತ್ತವೆ. 1,600 ಮೀಟರನ್ನು ಅದರಿಂದ ಭಾಗಿಸಿದರೆ ಹೆಜ್ಜೆಯೊಂದಕ್ಕೆ ಸುಮಾರು 1.37 ಮೀಟರ್ ಬೀಳುತ್ತದೆ. ಅದೇ ಅಭ್ಯರ್ಥಿ ನಿಮಿಷಕ್ಕೆ 160 ಹೆಜ್ಜೆಯಲ್ಲೇ ಉಳಿದರೆ ಒಟ್ಟು ಹೆಜ್ಜೆ 1,040ಕ್ಕೆ ಇಳಿದು, ಪ್ರತಿ ಹೆಜ್ಜೆಯನ್ನೂ 1.54 ಮೀಟರಿಗೆ ಚಾಚಬೇಕಾಗುತ್ತದೆ. ಹೀಗೆ ಚಾಚಿದ ಕಾಲು ದೇಹಕ್ಕಿಂತ ಮುಂದೆ ಹೋಗಿ ಹಿಮ್ಮಡಿಯ ಮೇಲೆ ಬೀಳುತ್ತದೆ, ಮಂಡಿಗೆ ಪೆಟ್ಟು ಹೆಚ್ಚುತ್ತದೆ. ಹೆಜ್ಜೆಗಳ ಸಂಖ್ಯೆಯನ್ನು 5ರಿಂದ 10 ಶೇಕಡದಷ್ಟು ಹೆಚ್ಚಿಸಿಕೊಂಡರೆ ಮಂಡಿ ಮತ್ತು ಸೊಂಟದ ಕೀಲುಗಳ ಮೇಲಿನ ಹೊರೆ ಇಳಿಯುತ್ತದೆಂದು 2011ರಲ್ಲಿ ಅಮೆರಿಕದ ಹೈಡರ್‌ಷೈಟ್ ಮತ್ತು ಸಹವರ್ತಿಗಳು ತೋರಿಸಿದ್ದಾರೆ. ಗಟ್ಟಿನೆಲದ ಮೇಲೆ, ಸಾಧಾರಣ ಕ್ಯಾನ್ವಾಸ್ ಶೂ ಹಾಕಿಕೊಂಡೋ ಬರಿಗಾಲಿನಲ್ಲೋ ಓಡುವವರಿಗೆ ಈ ಮಾತು ಎಲ್ಲರಿಗಿಂತ ಹೆಚ್ಚು ಅನ್ವಯಿಸುತ್ತದೆ. 160 ಹೆಜ್ಜೆಯವನು ಒಂದೇ ದಿನದಲ್ಲಿ 180ರ ಹಾಡಿಗೆ ಬೀಳದೆ, ಎರಡು ಮೂರು ವಾರಗಳಿಗೊಮ್ಮೆ ನಾಲ್ಕೈದು ಪೆಟ್ಟು ಹೆಚ್ಚಿರುವ ಹಾಡಿಗೆ ಏರುವುದು ವಿವೇಕದ ದಾರಿ.

ಗತಿಯ ಜೊತೆಗೆ ನಡೆಯನ್ನೂ ನೋಡಬೇಕು. ನಮ್ಮ ಸಂಗೀತಶಾಸ್ತ್ರದಲ್ಲಿ ನಡೆ ಎಂದರೆ ಒಂದು ಪೆಟ್ಟಿನೊಳಗೆ ಎಷ್ಟು ಒಳಪೆಟ್ಟುಗಳು ಅಡಗಿವೆ ಎಂಬುದರ ಲೆಕ್ಕ: ನಾಲ್ಕಿದ್ದರೆ ಚತುರಶ್ರ, ಮೂರಿದ್ದರೆ ತಿಶ್ರ. ಚತುರಶ್ರದ ಹಾಡು ಸಮಭೂಮಿಯ ಮೇಲಿನ ಓಟದಂತೆ ಸಮನಾಗಿ ಸಾಗಿದರೆ, ತಿಶ್ರದಲ್ಲಿ ಒಂದು ತೂಗು, ಒಂದು ಜಿಗಿತ ಇರುತ್ತದೆ. ಹಬ್ಬ, ಮೆರವಣಿಗೆಗಳ ತಮಟೆಯಲ್ಲಿ ಕುಣಿಯಲು ಪ್ರೇರೇಪಿಸುವುದು ಬಹುಮಟ್ಟಿಗೆ ಈ ಜಿಗಿತವೇ. ತಿಶ್ರ ನಡೆಯ ಪ್ರತಿ ಮುಖ್ಯಪೆಟ್ಟಿಗೂ ಒಂದೊಂದು ಹೆಜ್ಜೆ ಬಿದ್ದರೆ ಓಟಕ್ಕೆ ಯಾವ ಅಡ್ಡಿಯೂ ಇಲ್ಲ. ಆದರೆ ಮೂರು ಹೆಜ್ಜೆಗೊಮ್ಮೆ ಒತ್ತು ಬರುವ ಹಾಡಿನಲ್ಲಿ ಒತ್ತು ಒಮ್ಮೆ ಬಲಗಾಲಿಗೆ, ಮತ್ತೊಮ್ಮೆ ಎಡಗಾಲಿಗೆ ಸರಿಯುತ್ತದೆ. ಕೆಲವರಿಗೆ ಇದು ಎಡವಿದಂತೆ ಅನಿಸಿದರೂ, ಭಾರ ಸದಾ ಒಂದೇ ಕಾಲಿನ ಮೇಲೆ ಬೀಳದಂತೆ ಹಂಚಿಹೋಗುವುದು ದೀರ್ಘ ಓಟದಲ್ಲಿ ಹಿತವೆನಿಸಬಹುದು. ಉಸಿರಿಗೂ ಇಲ್ಲಿ ಪಾತ್ರವಿದೆ. ಓಟಗಾರರ ಉಸಿರು ಹೆಜ್ಜೆಯೊಂದಿಗೆ ತಾನೇತಾನಾಗಿ ಕಟ್ಟುಬೀಳುತ್ತದೆಂದೂ, ಬಲಗಾಲು ಮತ್ತು ಎಡಗಾಲು ಸೇರಿ ಒಂದು ಜೋಡಿಯೆಂದು ಎಣಿಸಿದರೆ ಎರಡು ಜೋಡಿಗೊಂದು ಉಸಿರು ಎಂಬ ಅನುಪಾತ ಹೆಚ್ಚು ಸಾಮಾನ್ಯವೆಂದೂ ಬ್ರ್ಯಾಂಬಲ್ ಮತ್ತು ಕ್ಯಾರಿಯರ್ ಎಂಬ ವಿಜ್ಞಾನಿಗಳು 1983ರಲ್ಲೇ ವರದಿ ಮಾಡಿದ್ದರು. ನಾಲ್ಕು ಪೆಟ್ಟಿನ ಆವರ್ತವಿರುವ ಹಾಡಿನಲ್ಲಿ ಒಂದು ಆವರ್ತಕ್ಕೆ ಒಂದು ಉಸಿರು ಸರಿಯಾಗಿ ಕೂರುವುದರಿಂದ, ಮೊದಲ ಸಲ ಹಾಡಿನೊಂದಿಗೆ ಓಡುವವರಿಗೆ ಅಂಥದು ಸುಲಭ.

ಇನ್ನು ಈ ಸೀಮೆಯ ಕಿವಿಗಳಲ್ಲಿ ಈಗಿರುವ ಹಾಡುಗಳ ಕಡೆಗೆ ಬರಬಹುದು. ಕನ್ನಡ, ತೆಲುಗು, ತಮಿಳು ಮೂರೂ ಮನೆಬಾಗಿಲಲ್ಲೇ ಇರುವ ಜಿಲ್ಲೆಯಾದ್ದರಿಂದ ಓಟಗಾರರ ಪ್ಲೇಲಿಸ್ಟೂ ಮೂರು ಭಾಷೆಗಳದ್ದಾಗಿರುವುದು ಸಹಜ. ಕೋಲಾರದ ಚಿನ್ನದ ಗಣಿಯನ್ನೇ ಕಥಾಭೂಮಿಯಾಗಿ ಹೊಂದಿದ ‘ಕೆ.ಜಿ.ಎಫ್’ ಚಿತ್ರದ ಎರಡು ಭಾಗಗಳು 2018 ಮತ್ತು 2022ರಲ್ಲಿ ಬಂದಾಗ ರವಿ ಬಸ್ರೂರು ಅವರ ಸಂಗೀತ ದೇಶದುದ್ದಕ್ಕೂ ವ್ಯಾಯಾಮಶಾಲೆಗಳನ್ನು ತಲುಪಿತು. 2001ರಲ್ಲಿ ಮುಚ್ಚಿದ ಗಣಿಯ ಜಿಲ್ಲೆಯ ಮಕ್ಕಳಿಗೆ ಆ ಸಂಗೀತದೊಂದಿಗೆ ಇರುವ ನಂಟು ಮಾತ್ರ ಬೇರೆಯವರಿಗೆ ಇರಲಾರದು. ಸಾಮೂಹಿಕ ಘೋಷದ ದನಿ, ದಪ್ಪ ನಗಾರಿಯ ಪೆಟ್ಟು ಅದರ ಶಕ್ತಿ. 2018ರ ‘ಟಗರು’ ಚಿತ್ರಕ್ಕೆ ಚರಣ್ ರಾಜ್ ಸಂಯೋಜಿಸಿ ಆಂಥೋನಿ ದಾಸನ್ ಹಾಡಿದ ಶೀರ್ಷಿಕೆ ಗೀತೆಯಲ್ಲಿ ಜನಪದ ವಾದ್ಯಗಳ ಒರಟುತನ ಹಾಗೇ ಉಳಿದಿರುವುದರಿಂದ ಪೆಟ್ಟು ಕಿವಿಗೆ ಸ್ಪಷ್ಟವಾಗಿ ತಾಗುತ್ತದೆ.

ಚಿತ್ರಗೀತೆಯ ಮುಖ್ಯ ದೌರ್ಬಲ್ಯ ಅದರ ಕಟ್ಟಡದಲ್ಲಿದೆ. ತೆರೆಯ ಮೇಲಿನ ದೃಶ್ಯಕ್ಕಾಗಿ ಕಟ್ಟಿದ ಹಾಡಾದ್ದರಿಂದ ಅದು ನಿಧಾನವಾಗಿ ತೆರೆದುಕೊಳ್ಳುತ್ತದೆ, ನಾಯಕನ ಪ್ರವೇಶಕ್ಕೆ ನಿಲ್ಲುತ್ತದೆ, ಚರಣಗಳ ನಡುವೆ ತಾಳ ಬಿಟ್ಟು ಆಲಾಪಕ್ಕೆ ಹೊರಳುತ್ತದೆ, ಕೆಲವೊಮ್ಮೆ ಸಂಭಾಷಣೆಗೆ ಜಾಗ ಬಿಡುತ್ತದೆ. ಕೂತು ಕೇಳುವವನಿಗೆ ಇವೆಲ್ಲ ಸೊಗಸು. ಪೆಟ್ಟನ್ನು ಹಿಡಿದು ಓಡುತ್ತಿರುವವನಿಗೆ ಹಿಡಿದ ಹಗ್ಗ ನಡುದಾರಿಯಲ್ಲಿ ಸಡಿಲಗೊಂಡಂತೆ. ನಾಲ್ಕು ನಿಮಿಷದ ಒಂದು ಹಾಡಿನಲ್ಲಿ ಸ್ಥಿರವಾದ ಪೆಟ್ಟು ಎರಡೂವರೆ ಮೂರು ನಿಮಿಷಗಳಷ್ಟು ಮಾತ್ರ ಸಿಗುವುದುಂಟು, ಮತ್ತು ಮುಂದಿನ ಹಾಡಿನ ಗತಿ ಬೇರೆಯಾಗಿದ್ದರೆ ಕಾಲು ಮತ್ತೆ ಮೊದಲಿನಿಂದ ಹುಡುಕಾಡಬೇಕು. ಆದ್ದರಿಂದ ಚಿತ್ರಗೀತೆಗಳನ್ನು ಓಟಕ್ಕೆ ಮುಂಚೆ ಮೈ ಬಿಸಿ ಮಾಡಿಕೊಳ್ಳುವಾಗ, ಮನಸ್ಸನ್ನು ಸಜ್ಜುಗೊಳಿಸಲು ಬಳಸುವುದು ಹೆಚ್ಚು ಫಲಕಾರಿ ಎಂಬುದು ಈ ಲೇಖನದ ಅಭಿಪ್ರಾಯ.

ಕೋಲಾರ ಜಿಲ್ಲೆಯ ದಲಿತ ಚಳವಳಿಯ ಜಾಥಾಗಳಲ್ಲಿ, ತೇರಹಳ್ಳಿ ಬೆಟ್ಟದ ಮೇಲೆ ಕೋಟಿಗಾನಹಳ್ಳಿ ರಾಮಯ್ಯ ಮತ್ತು ಸಂಗಾತಿಗಳು ಕಟ್ಟಿದ ‘ಆದಿಮ’ ಸಾಂಸ್ಕೃತಿಕ ಕೇಂದ್ರದ ಹುಣ್ಣಿಮೆ ಕಾರ್ಯಕ್ರಮಗಳಲ್ಲಿ, ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿದ್ದ ಪಿಚ್ಚಳ್ಳಿ ಶ್ರೀನಿವಾಸ್ ಅವರಂಥ ಗಾಯಕರ ಕಂಠದಲ್ಲಿ ಬೆಳೆದ ಹಾಡುಗಳದು ಇನ್ನೊಂದು ಪರಂಪರೆ. ಸಾಲಾಗಿ ನಡೆಯುವ ಜನ ಒಟ್ಟಿಗೆ ದನಿಗೂಡಿಸಲೆಂದು ಹುಟ್ಟಿದ ಇವು ಮೂಲತಃ ನಡಿಗೆಯ ಹಾಡುಗಳು. ಓಟದ ಮೊದಲ ಹತ್ತು ನಿಮಿಷಕ್ಕೆ, ದೀರ್ಘವಾದ ನಿಧಾನ ಓಟಕ್ಕೆ, ಓಟ ಮುಗಿಸಿ ನಡೆಯುತ್ತ ಉಸಿರು ಸುಧಾರಿಸಿಕೊಳ್ಳುವ ಹೊತ್ತಿಗೆ ಇವುಗಳಷ್ಟು ಒಪ್ಪುವ ಹಾಡುಗಳು ಬೇರೆ ಕಡೆ ಸಿಗುವುದು ಕಷ್ಟ.

ತಮಟೆಯ ವಿಷಯ ಪ್ರತ್ಯೇಕ ಚರ್ಚೆಗೆ ಅರ್ಹವಾದುದು. ಬಳೆಯಾಕಾರದ ಚೌಕಟ್ಟಿಗೆ ಚರ್ಮ ಬಿಗಿದು ಮಾಡಿದ ಈ ವಾದ್ಯವನ್ನು ನುಡಿಸುವ ಮುನ್ನ ಹುಲ್ಲಿನ ಬೆಂಕಿಯಲ್ಲಿ ಕಾಯಿಸುತ್ತಾರೆ. ಕಾವಿಗೆ ಚರ್ಮದ ಪಸೆ ಆರಿ, ಸೆಳೆತ ಬಿಗಿಯಾಗಿ, ಮಂಕಾಗಿದ್ದ ದನಿ ಟಣ್ಣನೆ ಹೊಮ್ಮುತ್ತದೆ. ಒಂದು ಕೈಯಲ್ಲಿ ಉದ್ದನೆಯ ತೆಳು ಕಡ್ಡಿ, ಇನ್ನೊಂದರಲ್ಲಿ ಗಿಡ್ಡ ದಪ್ಪ ಕೋಲು. ದಪ್ಪ ಕೋಲು ಮುಖ್ಯಪೆಟ್ಟನ್ನು ಕಾಯುತ್ತಿದ್ದರೆ ತೆಳು ಕಡ್ಡಿ ಒಳಪೆಟ್ಟುಗಳನ್ನು ತುಂಬುತ್ತದೆ. ಕೊರಳಿಗೆ ನೇತುಹಾಕಿಕೊಂಡ ವಾದ್ಯವನ್ನು ನುಡಿಸುತ್ತಲೇ ಕಲಾವಿದರು ಹೆಜ್ಜೆ ಹಾಕುತ್ತಾರೆ, ಬಾಗುತ್ತಾರೆ, ಸುತ್ತುತ್ತಾರೆ, ಹಾಗಾಗಿ ಪೆಟ್ಟು ಹೆಜ್ಜೆಯಿಂದ ಹುಟ್ಟಿತೋ ಹೆಜ್ಜೆ ಪೆಟ್ಟಿನಿಂದ ಹುಟ್ಟಿತೋ ಎಂದು ಬಿಡಿಸಿ ಹೇಳಲಾಗದು. ಸಮಲಯ ಎಂಬ ಹೆಸರಿನಲ್ಲಿ ಪ್ರಯೋಗಾಲಯ ಹುಡುಕುತ್ತಿರುವ ಗುಣ ಇದೇ. 2007ರವರೆಗೆ ಕೋಲಾರ ಜಿಲ್ಲೆಗೇ ಸೇರಿದ್ದ ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ಪದ್ಮಶ್ರೀ ಸಂದಾಗ, ಈ ಸೀಮೆಯ ತಮಟೆಗೆ ರಾಷ್ಟ್ರದ ಮನ್ನಣೆ ದೊರೆಯಿತು. ಆದರೆ ಮನ್ನಣೆಯ ಹಿಂದೆ ನೋವಿನ ಚರಿತ್ರೆಯೂ ಇದೆ. ಸಾವಿಗೆ, ಜಾತ್ರೆಗೆ, ಊರ ಸಾರಿಕೆಗೆ ತಮಟೆ ಬಡಿಯುವುದನ್ನು ದಲಿತ ಸಮುದಾಯಗಳ ಮೇಲೆ ಬಿಟ್ಟಿ ಕಾಯಕವಾಗಿ ಹೊರಿಸಲಾಗಿದ್ದು, ಅದನ್ನು ಜೀತದ ಗುರುತೆಂದು ಕೆಳಗಿಟ್ಟವರೂ, ತಮ್ಮದೇ ಕಲೆಯೆಂದು ಎದೆಗೆತ್ತಿಕೊಂಡವರೂ ಚಳವಳಿಯ ಒಳಗೇ ಇದ್ದಾರೆ. ಇಬ್ಬರ ನಿಲುವೂ ಗೌರವಕ್ಕೆ ಅರ್ಹ. ತಮಟೆಯನ್ನು ಓಟದ ಸಂಗೀತವಾಗಿ ಬಳಸುವವರು ಈ ಚರಿತ್ರೆಯನ್ನು ಅರಿತಿರಬೇಕು, ಮತ್ತು ನುಡಿಸಿದವರ ಹೆಸರು ಹಾಗೂ ಸಂಭಾವನೆ ಎರಡನ್ನೂ ಮರೆಯಬಾರದು.

ಹಾಡು ಯಾವ ಹಂತದಲ್ಲಿ ಸೋಲುತ್ತದೆ ಎಂಬುದನ್ನೂ ಸ್ಪಷ್ಟವಾಗಿ ಹೇಳಬೇಕು. ಓಡುತ್ತ ನಾಲ್ಕು ಮಾತು ಆಡಲು ಸಾಧ್ಯವಿರುವಷ್ಟು ವೇಗದಲ್ಲಿ ಮನಸ್ಸಿನ ಗಮನ ಹೊರಗಿನ ದನಿಗೂ ಒಳಗಿನ ಆಯಾಸಕ್ಕೂ ಹಂಚಿಹೋಗುವುದರಿಂದ, ಹಾಡು ಆಯಾಸದ ಪಾಲನ್ನು ಕಸಿದುಕೊಳ್ಳುತ್ತದೆ. ವೇಗ ಏರಿ ಉಸಿರು ಕಟ್ಟುವ ಹಂತ ದಾಟಿದ ಮೇಲೆ ಎದೆಯ ಉರಿ, ಕಾಲಿನ ಭಾರ ಎಲ್ಲ ಗಮನವನ್ನೂ ತಮ್ಮತ್ತ ಎಳೆದುಕೊಳ್ಳುತ್ತವೆ. ಆಗ ಹಾಡು ಆಯಾಸವನ್ನು ಮರೆಸಲಾರದು, ಹೆಚ್ಚೆಂದರೆ ಸಹಿಸುವ ಮನಸ್ಸನ್ನು ಕೊಡಬಲ್ಲದು. 1,600 ಮೀಟರ್ ಓಟದ ಮೂರನೆಯ ರೌಂಡು ಈ ಹಂತಕ್ಕೆ ಸೇರಿದ್ದು. ಆ ರೌಂಡಿನಲ್ಲಿ ಹಾಡಿನ ಮಾತುಗಳೂ ರಾಗವೂ ಕಿವಿಯಿಂದ ಜಾರಿಹೋಗಿ ಉಳಿಯುವುದು ಪೆಟ್ಟೊಂದೇ, ಅದೂ ಕಾಲಿನಲ್ಲಿ ಮೊದಲೇ ಕೂತಿದ್ದರೆ.

ಶಬ್ದದ ಮಟ್ಟದ ಪ್ರಶ್ನೆಗೆ ಉತ್ತರ ಸರಳ. ವೇಗದ ಹಾಡು ಜೋರಾಗಿದ್ದಾಗ ಟ್ರೆಡ್‌ಮಿಲ್ ಮೇಲಿನ ವೇಗ ಹೆಚ್ಚುತ್ತದೆಂದು ಇಂಗ್ಲೆಂಡಿನ ಎಡ್ವರ್ದಿ ಮತ್ತು ವೇರಿಂಗ್ 2006ರಲ್ಲಿ ತೋರಿಸಿದ್ದಾರೆ. ಆದರೆ ಆ ಪ್ರಯೋಗದಲ್ಲಿ ಜೋರು ಎಂದರೆ 80 ಡೆಸಿಬಲ್ ಮಾತ್ರ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರು 80 ಡೆಸಿಬಲ್ ಶಬ್ದವನ್ನು ವಾರಕ್ಕೆ 40 ಗಂಟೆ ಕೇಳಬಹುದಾದರೆ, 90 ಡೆಸಿಬಲ್ ಶಬ್ದವನ್ನು ಕೇಳಬಹುದಾದದ್ದು 4 ಗಂಟೆ ಮಾತ್ರ. ಆದ್ದರಿಂದ ಕಿವಿ ಗುಂಯ್‌ಗುಡುವಷ್ಟು ಜೋರಾಗಿ ಹಾಡು ಹಾಕಿಕೊಳ್ಳುವುದರಿಂದ ಓಟಕ್ಕೆ ಸಿಗುವುದು ಏನೂ ಇಲ್ಲ, ಕಿವಿಗೆ ಆಗುವುದು ಹಾನಿಯೇ.

ಇದಕ್ಕಿಂತಲೂ ತುರ್ತಿನ ಸಂಗತಿ ರಸ್ತೆಯದು. ಕೋಲಾರದ ಮಾರುಕಟ್ಟೆಗೆ ಟೊಮೆಟೊ ಬಾಕ್ಸ್ ತುಂಬಿಕೊಂಡು ಧಾವಿಸುವ ಗಾಡಿಗಳು, ಡೇರಿಯಿಂದ ಡೇರಿಗೆ ಹೋಗುವ ಹಾಲಿನ ವಾಹನಗಳು, ಹಿಂದೆ ದೀಪವಿಲ್ಲದ ಟ್ರ್ಯಾಕ್ಟರುಗಳು, ಮಾವಿನ ಕಾಲದಲ್ಲಿ ಶ್ರೀನಿವಾಸಪುರದ ಕಡೆಯ ಲಾರಿಗಳು, ಇವೆಲ್ಲ ಓಡುವವರು ರಸ್ತೆಯಲ್ಲಿರುವ ಮಬ್ಬುಗತ್ತಲ ಹೊತ್ತಿನಲ್ಲೇ ಬರುತ್ತವೆ. ಹಿಂದಿನಿಂದ ಬರುವ ವಾಹನವನ್ನು ಓಟಗಾರ ಕಣ್ಣಿನಿಂದ ನೋಡಲಾರ, ಕಿವಿಯಿಂದ ಮಾತ್ರ ಅರಿಯಬಲ್ಲ. ಆದ್ದರಿಂದ ರಸ್ತೆಯ ಮೇಲೆ ಎರಡೂ ಕಿವಿಗೆ ಇಯರ್‌ಫೋನ್ ಹಾಕಿಕೊಳ್ಳುವುದನ್ನು ಯಾವ ಕಾರಣಕ್ಕೂ ಒಪ್ಪಲಾಗದು. ಹಾಡು ಬೇಕೇಬೇಕಾದರೆ ಒಂದು ಕಿವಿಗೆ, ಅದೂ ಬಲಬದಿಯಲ್ಲಿ ವಾಹನಗಳಿಗೆ ಎದುರಾಗಿ ಓಡುವಾಗ. ಎರಡು ಕಿವಿಯ ಹಾಡು ಶಾಲೆಯ ಗ್ರೌಂಡಿಗೆ, ಜಿಲ್ಲಾ ಕ್ರೀಡಾಂಗಣದ ಟ್ರ್ಯಾಕಿಗೆ ಸೀಮಿತವಾಗಿರಬೇಕು. ಹಳ್ಳಿಯ ಹುಡುಗರು ಜೇಬಿನ ಫೋನಿನ ಸ್ಪೀಕರಿನಲ್ಲೇ ಹಾಡು ಹಾಕಿಕೊಂಡು ಗುಂಪಾಗಿ ಓಡುವ ಪದ್ಧತಿಯನ್ನು ನಗರದವರು ಹಗುರವಾಗಿ ಕಾಣುವುದುಂಟು, ಆದರೆ ಕಿವಿ ತೆರೆದಿರುತ್ತದೆ, ಹತ್ತು ಕಾಲುಗಳು ಒಂದೇ ಪೆಟ್ಟಿಗೆ ಬೀಳುತ್ತವೆ ಎಂಬ ಎರಡು ಕಾರಣಗಳಿಂದ ಅದು ಮೆಚ್ಚತಕ್ಕ ಪದ್ಧತಿ.

ಪರೀಕ್ಷೆಯ ದಿನ ಹಾಡು ಜೊತೆಗಿರುವುದಿಲ್ಲ. ವರ್ಲ್ಡ್ ಅಥ್ಲೆಟಿಕ್ಸ್ ನಿಯಮಗಳು ಸ್ಪರ್ಧಾಂಗಣದೊಳಗೆ ರೇಡಿಯೊ, ಮೊಬೈಲ್‌ನಂಥ ಸಾಧನಗಳನ್ನು ನಿಷೇಧಿಸಿವೆ, ನೇಮಕಾತಿಯ ಮೈದಾನದಲ್ಲೂ ಅಭ್ಯರ್ಥಿ ಬರಿಗಿವಿಯಲ್ಲೇ ಓಡಬೇಕು. ಇದಕ್ಕಾಗಿ ತರಬೇತಿಯ ಮೊದಲ ತಿಂಗಳುಗಳಲ್ಲಿ ಹಾಡಿನೊಂದಿಗೆ ಗತಿಯನ್ನು ಕಾಲಿಗೆ ಕಲಿಸಿ, ನಂತರ ವಾರಕ್ಕೆ ಎರಡು ಓಟಗಳಿಗೆ ಮಾತ್ರ ಹಾಡನ್ನು ಉಳಿಸಿಕೊಂಡು, ಪರೀಕ್ಷೆಗೆ ಮುಂಚಿನ ಮೂರು ವಾರ ಪೂರ್ತಿಯಾಗಿ ಬಿಟ್ಟು, ಮನಸ್ಸಿನಲ್ಲೇ ಪೆಟ್ಟು ಎಣಿಸುತ್ತ ಓಡುವುದು ಯೋಗ್ಯವಾದ ಕ್ರಮ.

ಮೇಲಿನ ಎಲ್ಲ ವಿಚಾರಗಳಿಂದ ಒಂದು ಕೆಲಸ ತಾನಾಗಿ ಮುಂದೆ ಬಂದು ನಿಲ್ಲುತ್ತದೆ. ಓಟಕ್ಕೆ ಬೇಕಾದದ್ದು ನಡುವೆ ನಿಲ್ಲದ, ಗತಿ ಬದಲಿಸದ, ಸ್ಪಷ್ಟವಾದ ಪೆಟ್ಟು. ಅದನ್ನು ಮೆಟ್ರೊನೋಮಿಗಿಂತ ಜೀವಂತವಾಗಿ, ಚಿತ್ರಗೀತೆಗಿಂತ ಸ್ಥಿರವಾಗಿ ಕೊಡಬಲ್ಲವರು ಈ ಸೀಮೆಯ ತಮಟೆ ಕಲಾವಿದರು. ನಿಮಿಷಕ್ಕೆ 160, 165, 170, 175, 180 ಪೆಟ್ಟುಗಳ ಗತಿಯಲ್ಲಿ, ತಲಾ ಇಪ್ಪತ್ತೈದು ನಿಮಿಷಗಳ ತಮಟೆ ವಾದನವನ್ನು ಧ್ವನಿಮುದ್ರಿಸಿ, ಚತುರಶ್ರ ಮತ್ತು ತಿಶ್ರ ಎರಡೂ ನಡೆಗಳಲ್ಲಿ ಉಚಿತವಾಗಿ ದೊರೆಯುವಂತೆ ಮಾಡುವುದು ದೊಡ್ಡ ಖರ್ಚಿನ ಕೆಲಸವಲ್ಲ. ಕರ್ನಾಟಕ ಜಾನಪದ ಅಕಾಡೆಮಿಯೂ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯೂ ಸೇರಿ, ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಕಲಾವಿದರಿಗೆ ತಕ್ಕ ಸಂಭಾವನೆ ಕೊಟ್ಟು, ಪ್ರತಿ ಮುದ್ರಿಕೆಯ ಮೇಲೂ ಅವರ ಹೆಸರು ಮತ್ತು ಊರನ್ನು ನಮೂದಿಸಿ, ಮುಂದಿನ ನೇಮಕಾತಿಯ ಅಧಿಸೂಚನೆ ಹೊರಬೀಳುವ ಮೊದಲೇ ಇದನ್ನು ಕೈಗೆತ್ತಿಕೊಳ್ಳಬೇಕು.